ಒಂದೇ ಮೋಡ

ಇಗರ್ಜಿಯ ಛಾವಣಿಯಲ್ಲಿ ಸ್ವರ್ಗ ಬರೆಸುವ ಖರ್ಚೆಲ್ಲ ಊರಿನ ಸಿರಿವಂತ ಜಮೀನ್ದಾರ ಪೊರ್ಬುಗಳೊಬ್ಬರದ್ದೇ. ಸಂತರ ನಡುವೆ ತಮ್ಮ ಮುಖವೂ ಇರಬೇಕೆಂಬುದು ಅವರ ಷರತ್ತು.

ಕೆಲಸ ಮುಗಿದ ದಿನ ಅವರೇ ಅಟ್ಟಣಿಗೆ ಹತ್ತಿದರು. ಗುಲಾಬಿ ಮೋಡಗಳು, ಚಿನ್ನದ ಬಳ್ಳಿಗಳು, ಕೆನ್ನೆ ಉಬ್ಬಿದ ದೇವದೂತರು. ಮೋಡವೊಂದರ ಮೇಲೆ ಕೈಮುಗಿದು ಕೂತ ತಮ್ಮ ಚಿತ್ರ ಕಂಡು ಪೊರ್ಬುಗಳ ಕಣ್ಣು ತುಂಬಿತು. ಮರುಕ್ಷಣ ಮುಖ ಕೆಂಪೇರಿತು.

“ಅದೇ ಮೋಡದಲ್ಲಿ ನನ್ನ ಅಣ್ಣ ಯಾಕೆ ಕೂತಿದ್ದಾನೆ ಮಾರಾಯ್ರೇ?”

“ಪಾದ್ರಿಗಳು ಫೋಟೋ ಕೊಟ್ರು,” ಎಂದ ಚಿತ್ರಕಾರ. “ಅವರು ಬದುಕಿದ್ದಾಗ ನಿಮ್ಮಿಬ್ಬರೊಳಗೆ ಮಾತಿರಲಿಲ್ಲವಂತೆ. ಅಲ್ಲಾದ್ರೂ ಒಟ್ಟಿಗಿರಲಿ ಅಂದ್ರು.”

“ಬಾವಿಯ ನೀರು ಕೊಡದವನಿಗೆ ಸ್ವರ್ಗವಾ? ಅವನ ಮೇಲೆ ಬಣ್ಣ ಬಳಿಯಿರಿ.”

“ನಿಲ್ಲುವುದಿಲ್ಲ. ಹಸಿ ಗಾರೆಯಲ್ಲಿ ಬರೆದದ್ದು, ಬಣ್ಣ ಒಳಗೇ ಇಳಿದಿದೆ. ಒಡೆದೇ ತೆಗೀಬೇಕು.”

“ಒಡೀರಿ ಮತ್ತೆ.”

“ನೀವಿಬ್ಬರೂ ಒಂದೇ ದಿನ ಮೆತ್ತಿದ ಗಾರೆಯಲ್ಲಿದ್ದೀರಿ. ಅವರನ್ನು ಒಡೆದರೆ ನೀವೂ ಉದುರ್ತೀರಿ. ಇನ್ನೊಮ್ಮೆ ಬರೆಯಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ.”

ಪೊರ್ಬುಗಳು ಸ್ವರ್ಗದಲ್ಲಿದ್ದ ತಮ್ಮ ಮುಖವನ್ನು ತುಂಬ ಹೊತ್ತು ನೋಡಿದರು. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು.

“ಸುತ್ತಿಗೆ ಕೊಡಿ ಇಲ್ಲಿ.”