ಲೂರ್ದಕ್ಕನ ಗುಲಾಬಿ

ಅನ್ನದ ಗಂಜಿ ಬಸಿಯುತ್ತಿದ್ದ ಜಸಿಂತಾಳ ಕೈ, ಬಾಗಿಲಲ್ಲಿ ಪಕ್ಕದ ಮನೆಯ ಲೂರ್ದಕ್ಕನ ದನಿ ಕೇಳಿ ಅಲ್ಲೇ ನಿಂತಿತು.

ಪ್ರತಿ ಭಾನುವಾರ ಚರ್ಚಿನ ಬಲಿಪೀಠದ ಮೇಲೆ ಲೂರ್ದಕ್ಕನ ಗುಲಾಬಿಯೇ ಕೂರುತ್ತಿತ್ತು. ಜಸಿಂತಾಳ ಚೆಂಡುಹೂವಿಗೆ ಬಾಗಿಲ ಪಕ್ಕದ ಕಿಟಕಿಯೇ ಗತಿ. ಪೂಜೆ ಮುಗಿಸಿದ ಗುರುಗಳು ಆ ಗುಲಾಬಿಯನ್ನು ಹೊಗಳಿದಾಗಲೆಲ್ಲ ಅವಳ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು. ಕಳೆದ ವಾರ ಯಾರೂ ಇಲ್ಲದ ಹೊತ್ತು ನೋಡಿ, ಕುದಿಯುವ ಗಂಜಿಯನ್ನು ಆ ಗಿಡದ ಬುಡಕ್ಕೆ ಸುರಿದು ಬಂದಿದ್ದಳು. ಪಾಪನಿವೇದನೆಗೆ ಹೋದರೆ ಪರದೆಯಾಚೆ ಕೂತ ಗುರುಗಳು ದನಿಯಲ್ಲೇ ಗುರುತು ಹಿಡಿದಾರೆಂದು ಹೆದರಿ, ಜಪಸರ ಹಿಡಿದು ನೇರವಾಗಿ ದೇವರ ಹತ್ತಿರವೇ ಕ್ಷಮೆ ಕೇಳಿಕೊಂಡಿದ್ದಳು.

"ಗಿಡ ಒಣಗೋಯ್ತು ಕಣೇ," ಎಂದು ಲೂರ್ದಕ್ಕ ಹೊಸ್ತಿಲಲ್ಲೇ ಕಣ್ಣೊರೆಸಿಕೊಂಡಳು. "ನನ್ನ ಹೂವಿನ ಮುಂದೆ ನಿಂದೆಲ್ಲಾ ಯಾವ ಲೆಕ್ಕ ಅಂತ ಮೆರೀತಿದ್ದೆ. ದೇವರೇ ನನ್ನ ಸೊಕ್ಕು ಮುರಿದ್ರು. ನನ್ನ ಕ್ಷಮಿಸಿಬಿಡವ್ವಾ. ಈ ಭಾನುವಾರ ಪೀಠಕ್ಕೆ ನಿನ್ನ ಹೂವೇ ಇಡು."

ಜಸಿಂತಾಳ ನಾಲಿಗೆಯ ತುದಿಗೆ ನಿಜ ಬಂತು. ಅಷ್ಟರಲ್ಲಿ ಪೀಠದ ಮೇಲೆ ಬೆಳಗುವ ತನ್ನ ಚೆಂಡುಹೂವು ಕಣ್ಣಿಗೆ ಕಟ್ಟಿತು. ಬಂದ ಮಾತನ್ನು ನುಂಗಿಕೊಂಡಳು.

"ಅಳಬೇಡ ಬಿಡಕ್ಕಾ," ಎಂದಳು. "ದೇವರು ಏನು ಮಾಡಿದ್ರೂ ಅದಕ್ಕೊಂದು ಕಾರಣ ಇರುತ್ತೆ."

ವಾರದಿಂದ ಏನೋ ಕೇಳಬೇಕೆಂದು ಬಾಯಿ ತೆರೆದು ಸುಮ್ಮನಾಗುತ್ತಿದ್ದ ಪುಟ್ಟ ಮಗಳು ಬಂದು ಅವಳ ಸೆರಗು ಜಗ್ಗಿದಳು.

"ಅಮ್ಮಾ, ಆ ಗಿಡಕ್ಕೆ ಬಿಸಿ ಗಂಜಿ ಸುರಿ ಅಂತ ನಿಂಗೆ ದೇವರೇ ಹೇಳಿದ್ರಾ?"