ಕಿರುಬೆರಳಿನ ಸರದಿ

ಬಾಲಪ್ಪನ ಸೊಂಟಕ್ಕೆ ಹಗ್ಗ ಹಾಕಿ ಪಡಸಾಲೆಯ ಕಂಬಕ್ಕೆ ಕಟ್ಟಿದ್ದರು. ಮಧ್ಯಾಹ್ನ ಅವನು ಓಣಿಯ ಗೋಡೆಗಳಿಗೆ ಬಡಿದುಕೊಳ್ಳುತ್ತ, ಕುಡಿದವನಂತೆ ತೂರಾಡುತ್ತ ಬಂದು ಅಂಗಳದಲ್ಲಿ ಬಿದ್ದಿದ್ದ. ಹೊಲದಿಂದ ಆಗಷ್ಟೇ ಬಂದಿದ್ದ ತಾಯಿ ಮಾರೆವ್ವನ ಗುರುತೂ ಅವನಿಗೆ ಹತ್ತಲಿಲ್ಲ. ಎಬ್ಬಿಸಲು ಹೋದವರನ್ನು ತಳ್ಳಿ ಮತ್ತೆ ಬೀದಿಗೆ ಓಡಲು ನೋಡಿದ. ಬಾಯಲ್ಲಿ ಒಂದೇ ಮಾತು.

“ಒಳಗ ಅದಾಳ. ಹೊರಗ ತೆಗೀರಿ.”

ಯಾರು ಎಂದು ಮಾರೆವ್ವ ಕೇಳಿದಳು.

“ನನ್ನ ಹೇಂತಿ.”

ಕೂಡಿದ್ದ ಜನ ಮುಖ ಮುಖ ನೋಡಿಕೊಂಡರು. ಅವನ ಮೊದಲ ಹೆಂಡತಿ ದುರಗಮ್ಮ ಹೆರಿಗೆಯಲ್ಲಿ ಸತ್ತು ವರ್ಷ ತುಂಬಿರಲಿಲ್ಲ. ಯುಗಾದಿ ಕಳೆದದ್ದೇ ಕುಕನೂರಿನ ಹಂಪವ್ವನನ್ನು ಮನೆ ತುಂಬಿಸಿಕೊಂಡಿದ್ದರು. ಸತ್ತವಳು ಸುಮ್ಮನಿರುತ್ತಾಳೆಯೇ? ದೆವ್ವ ಬಿಡಿಸುವ ಹುಸೇನಪ್ಪನಿಗೆ ಕರೆ ಹೋಯಿತು.

ಕೆಲವರ ಅನುಮಾನ ಬೇರೆ ಇತ್ತು. ಹೊಸ ಹೆಂಡತಿ ಏನೋ ತಿನ್ನಿಸಿದ್ದಾಳೆ. ಇಲ್ಲವಾದರೆ ಈಗ ಅವಳೆಲ್ಲಿ? ಸಿಟ್ಟಾಗಿ ತವರಿಗೆ ಹೋಗಿರಬೇಕು ಎಂದಳು ಮಾರೆವ್ವ. ಹಿಟ್ಟು ಮುಗಿದದ್ದನ್ನು ಮೊದಲೇ ಹೇಳಲಿಲ್ಲವೆಂದು ಬೆಳಿಗ್ಗೆ ಸೊಸೆಯನ್ನು ಬೈದಿದ್ದಳಂತೆ.

ಹುಸೇನಪ್ಪನಿಗಿಂತ ಮೊದಲು ಗಾಳೆಮ್ಮ ಬಂದಳು. ಅದು ಯುದ್ಧದ ಕಾಲ. ಕೊಪ್ಪಳದ ದವಾಖಾನೆ ದೂರ, ಹೋದರೂ ಔಷಧಿ ಸಿಗುವ ಭರವಸೆಯಿಲ್ಲ. ಸುತ್ತಲಿನ ಊರುಗಳಿಗೆ ವೈದ್ಯ ಎಂದರೆ ಈ ಮುದುಕಿಯೇ. ಇದ್ದಕ್ಕಿದ್ದಂತೆ ಬುದ್ಧಿ ಕದಡಿದವರನ್ನು ಕಂಡರೆ ಅವಳು ಎಡಗೈ ಬಿಚ್ಚಿ ಹಿಡಿಯುತ್ತಿದ್ದಳು. ಅತ್ತೆ ಕಲಿಸಿದ ಗುರುತು ಅದು: ಬೆರಳಿಗೊಂದು ಕಾರಣ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಒಂದನ್ನೂ ಹಾರಿಸಬಾರದು. ಐದೂ ಮಡಚಿದ ಮೇಲೆ ಮಾತ್ರ ದೆವ್ವದ ಮಾತು.

ಬಾಲಪ್ಪ ಅವಳ ಸೆರಗು ಹಿಡಿದು ಜಗ್ಗಿದ. ಮತ್ತೆ ಅದೇ ಮಾತು. ಅವಳು ಅವನ ಕೈ ಬಿಡಿಸಿ ಕೂರಿಸಿದಳು.

“ಅವಸರ ಮಾಡಬ್ಯಾಡ್ರಿ,” ಎಂದಳು ಜನರಿಗೆ. “ಅವಸರದಾಗ ನೋಡಿದ್ರ ಹಾದಿ ತಪ್ಪತೈತಿ.”

ಹೆಬ್ಬೆರಳು ಜ್ವರಕ್ಕೆ. ಮೈ ತಣ್ಣಗೆ ಬೆವರಿತ್ತು, ಮಡಚಿದಳು. ತೋರುಬೆರಳು ಮೈಯ ನೀರು ಬತ್ತುವುದಕ್ಕೆ. ನಾಲಿಗೆ ಹಸಿಯಾಗಿತ್ತು. ಮುಂಗೈಯ ತೊಗಲು ಜಗ್ಗಿ ಬಿಟ್ಟರೆ ಕೂಡಲೇ ಕೂತಿತು.

ನಡುಬೆರಳು ವಿಷಕ್ಕೆ. ಜನರ ಕಣ್ಣೆಲ್ಲ ಅದರ ಮೇಲೇ ಇದ್ದುದರಿಂದ ಇಲ್ಲಿ ಬಹಳ ಹೊತ್ತು ಹಿಡಿಯಿತು. ಅಡುಗೆಮನೆಯ ಗಡಿಗೆಗಳನ್ನೆಲ್ಲ ತರಿಸಿ ಮೂಸಿದಳು. ಉಳಿದಿದ್ದ ಅಂಬಲಿಯನ್ನು ನಾಲಿಗೆಗೆ ಹಚ್ಚಿ ನೋಡಿದಳು. ಬಾಲಪ್ಪನ ರೆಪ್ಪೆ ಎತ್ತಿ ಮುಖವನ್ನು ಬೆಳಕಿಗೆ ತಿರುಗಿಸಿದಳು. ದತ್ತೂರಿ ತಿಂದವನ ಕಣ್ಣಪಾಪೆ ಬೆಳಕಿನಲ್ಲೂ ಅರಳಿಯೇ ಇರುತ್ತದೆ, ಇವನದು ಕುಗ್ಗಿತು. ಹಂಪವ್ವನ ತಪ್ಪೇನೂ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಉಂಗುರದ ಬೆರಳು ತಲೆಗೆ ಬಿದ್ದ ಪೆಟ್ಟಿಗೆ. ಕೂದಲೊಳಗೆ ಬೆರಳಾಡಿಸಿ ಬುರುಡೆಯನ್ನೆಲ್ಲ ತಡವಿದಳು. ಗೋಡೆಗೆ ತಾಗಿದ ತರಚು ಬಿಟ್ಟರೆ ಏನೂ ಇರಲಿಲ್ಲ. ಬಾಲಪ್ಪ ಈಗ ಕೂಗುವುದನ್ನು ಬಿಟ್ಟು ಅಳತೊಡಗಿದ್ದ. ಅಷ್ಟರಲ್ಲಿ ಹುಸೇನಪ್ಪ ಬೇವಿನ ತೊಪ್ಪಲು ಹಿಡಿದು ಬಂದ. ಇನ್ನೊಂದು ಬೆರಳು ಉಳಿದಿದೆ ಎಂದು ಗಾಳೆಮ್ಮ ಅವನನ್ನು ತಡೆದಳು.

ಕಿರುಬೆರಳು ಕೆಟ್ಟ ಗಾಳಿಗೆ. ಬಾಲಪ್ಪನ ರುಮಾಲು ಬಿಚ್ಚಿ ಮೂಸಿದಳು. ಮುಗ್ಗಿದ ಜೋಳದ ಹುಳಿ ನಾತ. ಊರ ಹೊರಗಿನ ದಿಬ್ಬದಲ್ಲಿ ಒಕ್ಕಲು ಮನೆಗಳವರು ಜೋಳ ತುಂಬಿಡುವ ಹಗೇವುಗಳಿದ್ದವು, ನೆಲದಡಿಯ ಆಳವಾದ ಕುಣಿಗಳು. ಬಾಯಿ ತೆರೆದು ಗಾಳಿಯಾಡಲು ಬಿಡದೆ ಇಳಿದರೆ ಅಲ್ಲಿನ ಉಸಿರು ಮೊದಲು ಬುದ್ಧಿ ತೆಗೆಯುತ್ತದೆ, ಆಮೇಲೆ ಜೀವ.

“ಹಗೇವಿಗೆ ಇಳಿದಾನ,” ಎಂದಳು. “ದೆವ್ವ ಅಲ್ಲ, ಮದ್ದೂ ಅಲ್ಲ. ಮ್ಯಾಲ ಬಂದಾನಲ್ಲ, ಉಳಕೊಂತಾನ.”

ಹಗ್ಗ ಬಿಚ್ಚಿ ಅವನನ್ನು ಗಾಳಿಗೆ ಮಲಗಿಸಿದರು. ಮಾರೆವ್ವ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಳೆಮ್ಮನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಹುಸೇನಪ್ಪ ತೊಪ್ಪಲು ಬದಿಗಿಟ್ಟು ಎಲೆ ಅಡಿಕೆ ತೆಗೆದ. ಯಾರೋ ನಕ್ಕರು ಕೂಡ.

ಬಿಸಿಲು ಅಂಗಳ ಬಿಟ್ಟು ಹೋಗುವ ಹೊತ್ತಿಗೆ ಬಾಲಪ್ಪನ ಕಣ್ಣುಗಳು ತಿಳಿಯಾದವು. ತಾಯಿಯ ಗುರುತು ಹತ್ತಿತು. ನೀರು ಕುಡಿದು ಎದ್ದು ಕೂತ. ಸುತ್ತಲಿದ್ದ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದ.

“ಹಂಪವ್ವ ಜ್ವಾಳ ತರಾಕ ಇಳಿದಾಕಿ ಮ್ಯಾಲ ಬರಲಿಲ್ಲವ್ವ. ನನ್ನ ಕೈಲೆ ಎತ್ತಾಕ ಆಗಲಿಲ್ಲ. ನೀವು ಎತ್ತಿದ್ರಿಲ್ಲ?”