ಹತ್ತನೆಯ ವರ್ಷ

“ಪ್ರೀಮಕ್ಕ, ಈ ಒಂದು ವರ್ಷ ನಿಮ್ಮದಲ್ಲ,” ಎಂದ ಅಶ್ಕರ್, ಲ್ಯಾಪ್‌ಟಾಪ್ ಪರದೆಯ ಮೇಲೆ ಬೆರಳಿಟ್ಟು.

ಪ್ರೀಮಾಳ ಗಂಡ ಐವನ್ ಸೋಫಾದಿಂದ ಎದ್ದು ಕಿಟಕಿಯ ಬಳಿ ಹೋಗಿ ನಿಂತ. ಕುವೈತಿನ ಬ್ನೇದ್ ಅಲ್ ಗಾರ್ ಬಡಾವಣೆಯ ಆ ಫ್ಲಾಟಿನ ಕಿಟಕಿಯಿಂದ ನೋಡುವಂಥದ್ದೇನೂ ಇರಲಿಲ್ಲ. ಎದುರು ಕಟ್ಟಡದ ಗೋಡೆ, ಎ.ಸಿ. ಪೆಟ್ಟಿಗೆಗಳು, ಅಷ್ಟೆ.

ಮಂಗಳೂರಿನ ನರ್ಸ್ ಪ್ರೀಮಾ ಕುವೈತಿಗೆ ಬರುವ ಮೊದಲು ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ದುಡಿದವಳು. ಅಲ್ಲಿ ಸಂಬಳದಿಂದ ನ್ಯಾಷನಲ್ ಇನ್ಶೂರೆನ್ಸ್ ವಂತಿಗೆ ಕಡಿತವಾಗುತ್ತದೆ. ಹತ್ತು ವರ್ಷ ದಾಖಲೆಯಲ್ಲಿದ್ದರೆ ವಯಸ್ಸಾದ ಮೇಲೆ ಸರ್ಕಾರಿ ಪಿಂಚಣಿ, ಒಂಬತ್ತಾದರೆ ಸೊನ್ನೆ. ಕುವೈತ್‌ ಹೊರದೇಶದವರಿಗೆ ಪಿಂಚಣಿ ಕೊಡುವುದಿಲ್ಲ. ಹಾಗಾಗಿ ತನ್ನ ಹಳೆಯ ಲೆಕ್ಕವನ್ನು ಆನ್‌ಲೈನ್‌ನಲ್ಲಿ ತೆರೆದುಕೊಡು ಎಂದು ಅವಳೇ ಪರಿಚಯದ ಅಶ್ಕರ್‌ನನ್ನು ಕರೆದಿದ್ದಳು. ಅವನು ಶುವೈಖ್‌ನ ಗೋದಾಮೊಂದರಲ್ಲಿ ಕೆಲಸಗಾರರ ಇಕಾಮಾ, ಅಂದರೆ ವಾಸದ ಪರವಾನಗಿಯ ಕಾಗದಪತ್ರ ನೋಡಿಕೊಳ್ಳುವವನು. ಯಾವ ಸರ್ಕಾರದ ವೆಬ್‌ಸೈಟಿಗೂ ಹೆದರದವನು.

ಪರದೆ ಹತ್ತು ವರ್ಷ ತೋರಿಸುತ್ತಿತ್ತು.

“ಒಂಬತ್ತು ನೀವು ದುಡಿದದ್ದು. ಸರಿ. ಈ 2012–13 ಎಂತ? ಪೂರ್ಣ ವರ್ಷ ಅಂತ ಉಂಟು. ಸಂಬಳ ಇಲ್ಲ, ಬರೀ ಕ್ರೆಡಿಟ್, ವಂತಿಗೆ ಕಟ್ಟದಿದ್ರೂ ಕಟ್ಟಿದ ಹಾಗೆ. ಕಾಯಿಲೆ, ನಿರುದ್ಯೋಗ, ಯಾರನ್ನಾದ್ರೂ ನೋಡಿಕೊಳ್ಳುವುದು, ಕೋರ್ಟಿನ ಜ್ಯೂರಿ ಕೆಲಸ, ಹೀಗೆ ಏನಾದ್ರೂ ಇದ್ರೆ ಕೊಡ್ತಾರಂತೆ. ನಿಮ್ಮದು ಯಾವುದು?”

“ಆ ವರ್ಷ ನಾನು ಕೆಲಸ ಮಾಡಿಲ್ಲ.”

“ಅದೇ ನಾನು ಹೇಳಿದ್ದು. ಮತ್ತೆ ಇದು ಎಲ್ಲಿಂದ ಬಂತು?”

“ಅದು ಅಲ್ಲೇ ಇರಲಿ ಅಶ್ಕರ್.”

ಅಶ್ಕರ್ ನಕ್ಕ. “ಅಬ್ಬಾ, ಪುಕ್ಕಟೆ ಸಿಕ್ಕಿದ್ರೆ ನಿಮಗೂ ಆಗ್ತದಲ್ಲ!”

ಪ್ರೀಮಾ ನಗಲಿಲ್ಲ. ಎಷ್ಟು ಪಿಂಚಣಿ ಬರಬಹುದೆಂಬ ಅಂದಾಜು ಪರದೆಯ ಮೇಲೇ ಇತ್ತು. ಅದನ್ನು ಅವಳು ಇನ್ನೂ ಓದಿಯೇ ಇರಲಿಲ್ಲ. ಕಣ್ಣು 2012–13ರ ಸಾಲಿನಲ್ಲೇ ನೆಟ್ಟಿತ್ತು.

ಫೈಲಿನಲ್ಲಿ ಕಡಿಮೆ ಇದ್ದರೆ ಸರಿಪಡಿಸಬಹುದು, ಹೆಚ್ಚಿದ್ದರೆ ಗ್ರಹಚಾರ. ಕುವೈತ್ ಅಶ್ಕರ್‌ಗೆ ಕಲಿಸಿದ ಪಾಠ ಅದು. ಯಾರದೋ ನಮೂದು ತಮ್ಮ ಹೆಸರಿಗೆ ಸೇರಿಕೊಂಡದ್ದನ್ನು ಸಮಯಕ್ಕೆ ತಿಳಿಸದೆ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರನ್ನು ಅವನು ಕಂಡಿದ್ದ.

“ನೋಡಿ, ಅವರು ಹಿಡಿಯುವ ಮೊದಲು ನಾವೇ ಹೇಳಬೇಕು. ಇದನ್ನು ತೆಗೆಸುವ. ಖಾಲಿ ಇರುವ ಬೇರೆ ವರ್ಷಕ್ಕೆ ದುಡ್ಡು ಕಟ್ಟುವ, ಅದಕ್ಕೆ ದಾರಿ ಉಂಟು. ಅದು ಕ್ಲೀನ್. ನಿಮಗೇನು ಮಕ್ಕಳ ಫೀಸಾ, ಡೊನೇಶನ್ನಾ? ಇಬ್ಬರೂ ದುಡಿಯುವವರು.”

ಐವನ್ ಕಿಟಕಿ ಬಿಟ್ಟು ತಿರುಗಿದ. “ಸಾಕು ಮಾರಾಯ. ಮುಚ್ಚು ಅದನ್ನು.”

“ನೀವು ಯಾಕೆ ಹೆದರುವುದು ಐವನಣ್ಣ? ನೀವೇನು ಕದ್ದಿದ್ದೀರಾ?”

ಐವನ್ ಹೆಂಡತಿಯ ಕಡೆ ಬಾಗಿ, ತಗ್ಗಿದ ದನಿಯಲ್ಲಿ ಕೊಂಕಣಿಯಲ್ಲಿ ಹೇಳಿದ: “ನೀನು ಹೇಳಬೇಡ.”

“ಹೇಳದಿದ್ರೆ ತೆಗೆದುಬಿಡ್ತಾರೆ.”

“ತೆಗೆಯಲಿ. ಇಷ್ಟು ವರ್ಷ ಇಲ್ಲಿ ಯಾರಿಗೂ ಗೊತ್ತಾಗದೆ ನಡೆದಿಲ್ವಾ?”

ಅಶ್ಕರ್‌ಗೆ ಕೊಂಕಣಿ ಬಾರದು. ಗಂಡಹೆಂಡಿರು ಖರ್ಚಿನ ಮಾತಾಡುತ್ತಿದ್ದಾರೆ ಎಂದುಕೊಂಡ. ಅಷ್ಟರಲ್ಲಿ ಅವನು ಇಂಗ್ಲೆಂಡಿನ ಸಹಾಯವಾಣಿಗೆ ಕರೆ ಮಾಡಿಯೂ ಆಗಿತ್ತು. ಅಂದು ಶುಕ್ರವಾರ, ಇಲ್ಲಿ ರಜೆ, ಅಲ್ಲಿ ಕೆಲಸದ ದಿನ. ಸ್ಪೀಕರಿನಲ್ಲಿ ಕಾಯಿಸುವ ಸಂಗೀತ ಶುರುವಾಯಿತು.

ಪ್ರೀಮಾ ಫೋನಿಗೆ ಕೈ ಚಾಚಿದಳು. “ಬೇಡ ಅಶ್ಕರ್, ಇಡು.”

“ಲೈನ್ ಸಿಗುವುದೇ ಕಷ್ಟ ಪ್ರೀಮಕ್ಕ. ನಾನೇ ಹಿಡಿದಿರ್ತೇನೆ, ನೀವು ಕೂತ್ಕೊಳ್ಳಿ.”

ಸಂಗೀತ ನಿಂತು ಹೆಣ್ಣುದನಿಯೊಂದು ಬಂತು. ಹೆಸರು ಕೇಳಿತು, ಹುಟ್ಟಿದ ದಿನ ಕೇಳಿತು, ಅಲ್ಲಿದ್ದಾಗಿನ ಮನೆಯ ವಿಳಾಸ ಕೇಳಿತು. ಪ್ರೀಮಾ ಒಂದೊಂದಕ್ಕೂ ಉತ್ತರ ಕೊಟ್ಟಳು. ವಿಳಾಸ ಹೇಳುವಾಗ ಮಾತ್ರ ಎರಡು ಸಲ ತಡವರಿಸಿದಳು. ಜೊತೆಯಲ್ಲಿರುವವರು ನಿಮ್ಮ ಪರವಾಗಿ ಮಾತನಾಡಬಹುದೇ ಎಂದು ದನಿ ಕೇಳಿತು. ಅಶ್ಕರ್ ಎದುರಿನಲ್ಲೇ ಕೂತಿದ್ದ, ರಜೆಯ ದಿನ ಬಿಟ್ಟು ಬಂದಿದ್ದ. ಬೇಡ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹೌದು ಎಂದಳು.

ಅಶ್ಕರ್ ಇಂಗ್ಲಿಷಿನಲ್ಲಿ, ಅಭಿಮಾನದಿಂದಲೇ ವಿವರಿಸಿದ: ಒಂದು ವರ್ಷ ತಪ್ಪಾಗಿ ಸೇರಿದೆ, ಆಗ ಇವರು ಕೆಲಸದಲ್ಲಿರಲಿಲ್ಲ, ತಮ್ಮದಲ್ಲದ್ದು ಇವರಿಗೆ ಬೇಡ.

ಆ ಕಡೆ ಕೀಬೋರ್ಡ್ ಸದ್ದು. ಐವನ್ ಬಂದು ಪ್ರೀಮಾಳ ಕುರ್ಚಿಯ ಹಿಂದೆ ನಿಂತ.

“ಆ ಕ್ರೆಡಿಟ್ ಮಕ್ಕಳ ಭತ್ಯೆಯಿಂದ ಬಂದದ್ದು,” ಎಂದಿತು ದನಿ. “ಚಿಕ್ಕ ಮಗುವಿನ ತಾಯಂದಿರಿಗೆ ಕೊಡುವ ಭತ್ಯೆ. ಅದನ್ನು ಪಡೆಯುತ್ತಿದ್ದರೆ ಆ ವರ್ಷ ತಾನಾಗಿಯೇ ದಾಖಲೆಗೆ ಸೇರುತ್ತದೆ.”

“ಸಿಕ್ಕಿತು ನೋಡಿ!” ಅಶ್ಕರ್ ತೊಡೆ ತಟ್ಟಿದ. “ಬೇರೆ ಯಾರದೋ ನಿಮಗೆ ಬಂದು ಕೂತಿದೆ. ಮೇಡಂ, ಇವರಿಗೆ ಮಕ್ಕಳೇ ಇಲ್ಲ.”

“ಹಾಗಿದ್ದರೆ ತಪ್ಪು ನಮ್ಮದು, ತೆಗೆದುಹಾಕಲು ಕಳಿಸುತ್ತೇನೆ. ಆದರೆ ಅದನ್ನು ಅವರ ಬಾಯಿಂದಲೇ ಕೇಳಬೇಕು. ಮೇಡಂ, ನಿಮಗೆ ಮಕ್ಕಳಿಲ್ಲ, ಹೌದಲ್ಲವೇ?”

“ಹೌದು ಅನ್ನಿ,” ಅಶ್ಕರ್ ಪಿಸುಗುಟ್ಟಿದ. “ಖಲಾಸ್.”

“ಒಬ್ಬ ಇದ್ದ,” ಎಂದಳು ಪ್ರೀಮಾ. “ಹತ್ತೂವರೆ ತಿಂಗಳು. ಅವನು ಹೋದ ಮೇಲೂ ಎಂಟು ವಾರ ನೀವು ಭತ್ಯೆ ಕಳಿಸಿದಿರಿ. ಆ ವರ್ಷ ತುಂಬಿದ್ದು ಹಾಗೆ.”